ಹರಿಹರದಿಂದ ದಾವಣಗೆರೆಗೆ: ಒಬ್ಬ ಆಟಗಾರನ ಊರು

ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ದಾವಣಗೆರೆ, ಹರಿಹರ ಎಂಬ ಎರಡು ಊರುಗಳು ಸುಮಾರು 14 ಕಿಲೋಮೀಟರುಗಳ ಅಂತರದಲ್ಲಿವೆ. ಪ್ರಯಾಣಿಕರು ಸಾಮಾನ್ಯವಾಗಿ ಮೊದಲನೆಯದರಲ್ಲಿ ಬೆಣ್ಣೆದೋಸೆ ತಿಂದು, ಎರಡನೆಯದರಲ್ಲಿ ಸೇತುವೆಯ ಮೇಲಿನಿಂದ ತುಂಗಭದ್ರೆಗೆ ಕೈಮುಗಿದು, ಮುಂದಿನ ದೊಡ್ಡ ಊರಿನ ಚಿಂತೆಯಲ್ಲಿ ಸಾಗಿಬಿಡುವರು. ಈ ಊರುಗಳಿಗಾಗಿಯೇ ಹೊರಟು ಬರುವವರು ಕಡಿಮೆ. ನಾವು ಕಳೆದ ಮಾಘಮಾಸದಲ್ಲಿ ಹಾಗೆ ಹೊರಟೆವು. ಹರಿಹರೇಶ್ವರನ ದರ್ಶನವನ್ನು ಮಾಡುವುದು ಒಂದು ಉದ್ದೇಶ, ದಾವಣಗೆರೆಯಲ್ಲಿ ಹುಟ್ಟಿದ ಒಬ್ಬ ಚೆಂಡುದಾಂಡಿನ ಆಟಗಾರನ ಊರನ್ನು ನೋಡುವುದು ಇನ್ನೊಂದು. ಸಂಸ್ಕೃತದ ಮೇಷ್ಟರಿಗೆ ಈ ಎರಡನೆಯ ಉದ್ದೇಶವೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಕಾರಣ ನಮ್ಮ ಮಗಳ ಮಗ.

ಹದಿಮೂರು ವರ್ಷದ ಆ ಹುಡುಗನು ಚೆಂಡನ್ನು ಚೆನ್ನಾಗಿ ಎಸೆಯುವವನೆಂದು ಅವನ ಗೆಳೆಯರು ಹೇಳುತ್ತಾರೆ. ಜಿಲ್ಲೆಯ ಬಾಲಕರ ತಂಡಕ್ಕೆ ಆರಿಸುವಾಗ ಅವನ ಹೆಸರು ಬರಲಿಲ್ಲ. ಅಂದಿನಿಂದ ಅವನು ಚೆಂಡನ್ನು ಮುಟ್ಟದೆ, ಸಾಯಂಕಾಲದ ಹೊತ್ತು ಮಹಡಿಯ ಮೇಲೆ ಒಬ್ಬನೇ ಕುಳಿತಿರುತ್ತಿದ್ದನು. ಊಟವೂ ಕಡಿಮೆಯಾಯಿತು. ಅವನ ತಾಯಿಯು ನಮಗೆ ಹೇಳಿಕಳುಹಿಸಿದಳು. ನಾವು ಆತನಿಗೆ ದಾವಣಗೆರೆಯ ವಿನಯ್ ಕುಮಾರರ ಹೆಸರನ್ನು ಹೇಳಿದಾಗ, ಹುಡುಗನು, “ಅಜ್ಜಾ, ಅವರು ಆಡಿದ್ದು ಒಂದೇ ಟೆಸ್ಟ್ ಅಲ್ಲವೇ?” ಎಂದನು. ಆ ಒಂದು ಮಾತಿನಲ್ಲಿ ಮಕ್ಕಳು ಇಂದು ಮನುಷ್ಯರನ್ನು ಅಳೆಯುವ ಅಳತೆಗೋಲು ಎಂತಹುದೆಂಬುದು ನಮಗೆ ತಿಳಿಯಿತು. ಮನೆಯಲ್ಲಿ ಕುಳಿತು ಉತ್ತರಿಸುವುದಕ್ಕಿಂತ ಊರನ್ನೇ ತೋರಿಸುವುದು ಲೇಸೆಂದು ತೋರಿ, ಶಿವಮೊಗ್ಗದಿಂದ ಹೊನ್ನಾಳಿಯ ಮಾರ್ಗವಾಗಿ ಅವನೊಡನೆ ಹೊರಟೆವು.

ಹೊನ್ನಾಳಿಯ ರಸ್ತೆಯಲ್ಲಿ ಬರುವವರಿಗೆ ಮೊದಲು ಸಿಕ್ಕುವುದು ಹರಿಹರ. ಸೂಳೆಕೆರೆಯಿಂದ ಹರಿದು ಬರುವ ಹರಿದ್ರೆಯು ಇಲ್ಲಿ ತುಂಗಭದ್ರೆಯನ್ನು ಕೂಡುವಳು; ಈ ಕೂಡಲಿನಿಂದಲೇ ಊರಿಗೆ ಹಿಂದೆ ಕೂಡಲೂರೆಂಬ ಹೆಸರಿದ್ದಿತು. 1956ರಲ್ಲಿ ಕನ್ನಡ ನಾಡು ಒಂದಾಗುವ ತನಕ ನದಿಯ ಆಚೆಯ ದಡ ಮುಂಬಯಿ ಸೀಮೆ, ಈಚೆಯ ದಡ ಮೈಸೂರು. ಎರಡು ದಡಗಳ ಜನವೂ ಆಡುತ್ತಿದ್ದುದು ಒಂದೇ ಮಾತು. ಗುಹಾಸುರನೆಂಬ ದೈತ್ಯನು ಹರಿಯಿಂದಾಗಲಿ ಹರನಿಂದಾಗಲಿ ತನಗೆ ಸಾವು ಬಾರದಂತೆ ವರವನ್ನು ಪಡೆದಿರಲು, ಇಬ್ಬರೂ ಒಂದೇ ಮೂರ್ತಿಯಾಗಿ ಬಂದು ಅವನನ್ನು ನಿಗ್ರಹಿಸಿದರೆಂಬುದು ಇಲ್ಲಿಯ ಸ್ಥಳಪುರಾಣ. ಈಗಿನ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದನು. ಸೋಮನಾಥಪುರವನ್ನು ಕಟ್ಟಿಸಿದ ಸೋಮ ದಂಡನಾಯಕನು 1268ರಲ್ಲಿ ಅದಕ್ಕೆ ಮತ್ತಷ್ಟನ್ನು ಸೇರಿಸಿದನು. ಗರ್ಭಗುಡಿಯಲ್ಲಿ ನಿಂತಿರುವ ಮೂರ್ತಿಯ ಬಲಭಾಗ ಹರನದು, ಎಡಭಾಗ ಹರಿಯದು.

ದರ್ಶನವಾದ ತರುವಾಯ ಹುಡುಗನು, “ಹರಿಯ ಹೆಸರನ್ನೇ ಏಕೆ ಮೊದಲು ಹೇಳುತ್ತಾರೆ? ಅವನೇ ದೊಡ್ಡವನೇ?” ಎಂದು ಕೇಳಿದನು. ಮೇಷ್ಟರಿಗೆ ಇದಕ್ಕಿಂತ ಸಂತೋಷದ ಪ್ರಶ್ನೆ ಯಾವುದು? ಈ ಹೆಸರು ದ್ವಂದ್ವಸಮಾಸ. ಇದರಲ್ಲಿ ಎರಡು ಪದಗಳೂ ಪ್ರಧಾನ. ಇಕಾರ ಉಕಾರಗಳಿಂದ ಕೊನೆಗೊಳ್ಳುವ ಪದವನ್ನು ದ್ವಂದ್ವದಲ್ಲಿ ಮೊದಲಿಡಬೇಕೆಂದು ಪಾಣಿನಿಯ ಸೂತ್ರವೊಂದು ವಿಧಿಸುತ್ತದೆ; ವೈಯಾಕರಣರು ಆ ಸೂತ್ರಕ್ಕೆ ಕೊಡುವ ಉದಾಹರಣೆಯೇ ‘ಹರಿಹರ’. ಹರಿಯು ಮೊದಲು ಬಂದದ್ದು ಅವನ ಹೆಸರಿನ ಕೊನೆಯ ಸ್ವರದ ದೆಸೆಯಿಂದ. ಹಿರಿತನದ ಮಾತು ಅಲ್ಲಿ ಹುಟ್ಟುವುದೇ ಇಲ್ಲ. ಮುಂದೆ ಬರೆಯುವ ಹೆಸರು ಹಿರಿದು, ಹಿಂದೆ ಬರೆಯುವ ಹೆಸರು ಕಿರಿದು ಎಂದು ತಿಳಿಯುವುದು ಪಟ್ಟಿಯನ್ನು ಓದಲು ಕಲಿತು ವ್ಯಾಕರಣವನ್ನು ಕಲಿಯದವರ ಅಭ್ಯಾಸವೆಂದು ನಾವು ಹೇಳಿದೆವು. ಹುಡುಗನು ನಕ್ಕನು. ಬಹು ದಿವಸಗಳ ಮೇಲೆ ನಕ್ಕನೆಂಬುದನ್ನು ನಾವು ಗಮನಿಸಿದೆವು.

ಈ ಗುಡಿಯಲ್ಲಿ ನೋಡಬೇಕಾದ ಇನ್ನೊಂದು ವಸ್ತು ಮಂಟಪದ ಕಂಬಗಳು. ಬಳಪದ ಕಲ್ಲನ್ನು ಚರಕಿ ಹಿಡಿದು ತಿರುಗಿಸಿ, ಬಳೆಬಳೆಯಾಗಿ ಕಡೆದು ನಿಲ್ಲಿಸಿದ ಕಂಬಗಳವು. ಕೆಲವು ಇಂದಿಗೂ ಕನ್ನಡಿಯಂತೆ ಹೊಳೆಯುತ್ತವೆ. ಬಂದವರೆಲ್ಲರ ಕಣ್ಣು ಗರ್ಭಗುಡಿಯ ಕಡೆಗೇ ಇರುವುದು ಸಹಜ. ಮಾಡಿನ ಭಾರವನ್ನು ಎಂಟುನೂರು ವರ್ಷಗಳಿಂದ ಹೊತ್ತಿರುವವು ಮಾತ್ರ ಈ ಕಂಬಗಳೇ. ಇದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಗಿ, ಅಲ್ಲಿ ತಯಾರಾದ ಲೇತ್ ಯಂತ್ರಗಳು, ಎಂದರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಚರಕಿಗಳು, ದೇಶದ ಮೂಲೆಮೂಲೆಯ ಕಾರ್ಖಾನೆಗಳಿಗೆ ಹೋದವು. ಕಲ್ಲನ್ನು ಕಡೆದ ಊರಿನಲ್ಲಿಯೇ ಕಬ್ಬಿಣವನ್ನು ಕಡೆಯುವ ಯಂತ್ರ ಹುಟ್ಟಿದ್ದು ಒಂದು ಸೊಗಸಾದ ಯೋಗವೆನ್ನಬೇಕು. ಆ ಕಾರ್ಖಾನೆಯು ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ಅದರ ಹೆಸರನ್ನು ಹಳೆಯ ಯಂತ್ರಗಳ ಮೈಮೇಲೆ ಮಾತ್ರ ಇನ್ನೂ ಅಲ್ಲಲ್ಲಿ ಓದಬಹುದು.

ಹರಿಹರದಿಂದ ದಾವಣಗೆರೆಗೆ ಬರುವ ದಾರಿಯಲ್ಲಿ ಭದ್ರಾ ನಾಲೆಯ ನೀರುಂಡ ಗದ್ದೆಗಳು ಕಣ್ಣಿಗೆ ತಂಪು. ನೀರಾವರಿಗೆ ಮುಂಚೆ ಈ ಸೀಮೆಯ ಕೀರ್ತಿಯೆಲ್ಲ ಹತ್ತಿಯದು. ಸುತ್ತಲಿನ ಎರೆಭೂಮಿಯ ಹತ್ತಿಯು ದಾವಣಗೆರೆಯ ಪೇಟೆಗೆ ಬರುತ್ತಿತ್ತು. ಪೇಟೆಯ ಬೆನ್ನಿಗೆ ಗಿರಣಿಗಳು ಬಂದವು. ಜನರು ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದರು. ಕಾಲಕ್ರಮದಲ್ಲಿ ಆ ಗಿರಣಿಗಳ ಕಹಳೆ ನಿಂತುಹೋಯಿತು. ಊರು ಮಾತ್ರ ಸೊರಗದೆ, ವಿದ್ಯಾಸಂಸ್ಥೆಗಳ ಕಡೆಗೆ ಹೊರಳಿ, 1997ರ ಆಗಸ್ಟ್ 15ರಂದು ಜಿಲ್ಲೆಯ ಮುಖ್ಯಪಟ್ಟಣವೂ ಆಯಿತು.

ಮ್ಯಾಂಚೆಸ್ಟರ್ ಎಂಬ ಹೆಸರು ಬಂದುದರಿಂದ, ನಿಜವಾದ ಮ್ಯಾಂಚೆಸ್ಟರಿನ ಸೀಮೆಯ ಒಂದು ಮಾತನ್ನು ಇಲ್ಲಿ ಹೇಳಬೇಕಾಗಿದೆ. ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತವೂ ಹತ್ತಿಗಿರಣಿಗಳ ನಾಡು. ಅಲ್ಲಿ 1850ರ ಕಾರ್ಖಾನೆ ಕಾನೂನು ಹೆಂಗಸರ ಮತ್ತು ಎಳೆಯರ ಕೆಲಸವನ್ನು ಶನಿವಾರ ಮಧ್ಯಾಹ್ನ 2 ಗಂಟೆಗೆ ನಿಲ್ಲಿಸಬೇಕೆಂದು ವಿಧಿಸಿತು. ಅವರಿಲ್ಲದೆ ಗಿರಣಿ ನಡೆಯದು. ಹೀಗೆ ದೊರೆತ ಅರ್ಧದಿನದ ಬಿಡುವಿನಲ್ಲಿ ಕಾಲ್ಚೆಂಡಿನ ಆಟ ಬೆಳೆಯಿತು. 1888ರಲ್ಲಿ ಅಲ್ಲಿಯ ಫುಟ್‌ಬಾಲ್ ಲೀಗು ಸ್ಥಾಪಿತವಾದಾಗ ಅದರ 12 ತಂಡಗಳಲ್ಲಿ 6 ಲ್ಯಾಂಕಷೈರಿನವು. ಮುಂದೆ ಆ ಲೀಗು ಬೆಳೆದು ನಾಲ್ಕು ಶ್ರೇಣಿಗಳಾಯಿತು. ಗೆದ್ದ ತಂಡಗಳು ವರ್ಷದ ಕೊನೆಗೆ ಒಂದು ಮೆಟ್ಟಿಲು ಮೇಲೇರುವುವು, ಸೋತವು ಕೆಳಗಿಳಿಯುವುವು. ಜಗತ್ತಿಗೆ ಗೊತ್ತಿರುವುದು ಮೇಲಿನ ಶ್ರೇಣಿಯ ಕೆಲವು ಹೆಸರುಗಳು. ಆದರೆ ಸಣ್ಣಸಣ್ಣ ಊರುಗಳ ಮನೆಮಾತಾಗಿರುವವನು ಕೆಳಗಿನ ಶ್ರೇಣಿಯಲ್ಲಿ ತಮ್ಮ ಊರಿನ ಅಂಗಿ ತೊಟ್ಟು ಗೋಲು ಹೊಡೆಯುವ ಮುಂಪಡೆಯ ಆಟಗಾರನು.

ಅಂತಹವರ ಪೈಕಿ ಆರ್ಥರ್ ರೌಲಿ ಎಂಬಾತನ ವೃತ್ತಾಂತವನ್ನು ನಮ್ಮ ಹುಡುಗನಿಗೆ ಬಸ್ಸಿನಲ್ಲಿಯೇ ಹೇಳಿದೆವು. 1926ರಲ್ಲಿ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಹುಟ್ಟಿದ ಈತನು 1946ರಿಂದ 1965ರ ವರೆಗೆ ಲೀಗಿನಲ್ಲಿ 434 ಗೋಲುಗಳನ್ನು ಹೊಡೆದನು. ಇಂಗ್ಲಿಷ್ ಲೀಗಿನ ಇತಿಹಾಸದಲ್ಲಿ ಅಷ್ಟು ಗೋಲು ಹೊಡೆದವರು ಇಂದಿಗೂ ಮತ್ತೊಬ್ಬರಿಲ್ಲ. ಅವುಗಳಲ್ಲಿ ಬಹುಪಾಲು ಕೆಳಗಿನ ಶ್ರೇಣಿಗಳಲ್ಲಿ ಹೊಡೆದವು. ಕೊನೆಯ 152 ಶ್ರೂಸ್‌ಬರಿ ಎಂಬ ಪುಟ್ಟ ಪಟ್ಟಣದ ತಂಡಕ್ಕಾಗಿ ಹೊಡೆದವು. ಇಂಗ್ಲೆಂಡಿನ ಪ್ರಧಾನ ತಂಡದಲ್ಲಿ ಆತನಿಗೆ ಒಂದು ದಿನವೂ ಸ್ಥಾನ ದೊರೆಯಲಿಲ್ಲ. ಆದರೂ ಶನಿವಾರದ ಮಧ್ಯಾಹ್ನ ಕೆಲಸ ಮುಗಿಸಿ ಆಟದ ಬಯಲಿಗೆ ಬಂದ ಜನಕ್ಕೆ ವಾರದ ದಣಿವನ್ನು ಮರೆಸಿದವನು ಆತನೇ.

ನಮ್ಮ ದೇಶದ ಚೆಂಡುದಾಂಡಿನಲ್ಲಿಯೂ ಹೀಗೆ ಒಂದು ನಡುವಣ ಮೆಟ್ಟಿಲಿದೆ. ಅದು 1934-35ರಲ್ಲಿ ಮೊದಲಾದ ರಣಜಿ ಪಂದ್ಯಾವಳಿ. ಇದು ರಾಜ್ಯ ರಾಜ್ಯಗಳಿಗೆ ನಡೆಯುವ ಆಟ. ಒಂದು ಪಂದ್ಯ ನಾಲ್ಕು ದಿನ. ಫೈನಲ್ ಐದು ದಿನ. ನೋಡಲು ಬರುವವರು ಬಹಳ ಸಲ ನೂರು ಜನರಿರುವುದಿಲ್ಲ. ದೇಶದ ತಂಡಕ್ಕೆ ಬೇಕಾದ ಆಟಗಾರರು ಬೆಳೆಯುವುದು ಮಾತ್ರ ಈ ಖಾಲಿ ಬಯಲುಗಳಲ್ಲಿಯೇ.

1984ರ ಫೆಬ್ರವರಿ 12ರಂದು ದಾವಣಗೆರೆಯಲ್ಲಿ ಹುಟ್ಟಿದ ರಂಗನಾಥ ವಿನಯ್ ಕುಮಾರರು 2004-05ರಲ್ಲಿ ಕರ್ನಾಟಕದ ತಂಡಕ್ಕೆ ಬಂದರು. ಬೆಂಗಳೂರಿನ ಮಕ್ಕಳಿಗೆ ಹುಟ್ಟಿನಿಂದಲೇ ಕಣ್ಣಿಗೆ ಬೀಳುವ ಮೈದಾನಗಳು ಜಿಲ್ಲೆಯ ಮಕ್ಕಳಿಗೆ 260 ಕಿಲೋಮೀಟರುಗಳ ಆಚೆ ಇರುವುವು. ಅವರ ಎಸೆತದಲ್ಲಿ ಭಯಂಕರವಾದ ವೇಗವಿರಲಿಲ್ಲ; ಗಂಟೆಗೆ 130 ಕಿಲೋಮೀಟರಿನ ಆಸುಪಾಸು. ಅವರ ಬಂಡವಾಳ ಬೇರೆಯಾಗಿತ್ತು. ಚರ್ಮದ ಚೆಂಡಿಗೆ ನಡುವೆ ಒಂದು ಹೊಲಿಗೆಯುಂಟು. ಒಂದು ಮಗ್ಗುಲನ್ನು ಉಜ್ಜಿ ಹೊಳಪಾಗಿಟ್ಟು, ಹೊಲಿಗೆಯನ್ನು ನೇರವಾಗಿ ಹಿಡಿದು, ಮಣಿಕಟ್ಟು ಅಲುಗದಂತೆ ಬಿಟ್ಟರೆ, ಚೆಂಡು ಗಾಳಿಯಲ್ಲಿ ದಾಂಡಿಗನಿಂದ ಹೊರಕ್ಕೆ ಸರಿಯುವುದು. ಇದನ್ನು ಒಂದು ಸಲ ಮಾಡುವುದು ಕಷ್ಟವಲ್ಲ. ಬೆಳಗಿನಿಂದ ಸಂಜೆಯ ತನಕ ಒಂದೇ ಮೊಳ ಜಾಗದಲ್ಲಿ ಚೆಂಡು ಬೀಳುವಂತೆ ನೂರು ಸಲ ಮಾಡುವುದು ಕಷ್ಟ. ದಿನವೂ ಒಂದೇ ಹದದಲ್ಲಿ ರೊಟ್ಟಿ ತಟ್ಟುವ ನಮ್ಮ ಗೃಹಿಣಿಯರಿಗೆ ಈ ಮಾತು ಬೇಗನೆ ಅರ್ಥವಾಗುವುದು.

ದೇಶದ ತಂಡಕ್ಕೆ ಅವರು ಆಡಲಿಲ್ಲವೆಂದಲ್ಲ. 2010ರ ಮೇ ತಿಂಗಳಲ್ಲಿ ಮೊದಲ ಕರೆ ಬಂದಿತು. ಒಟ್ಟು 31 ಏಕದಿನ ಪಂದ್ಯಗಳನ್ನೂ 9 ಇಪ್ಪತ್ತು ಓವರಿನ ಪಂದ್ಯಗಳನ್ನೂ ಆಡಿದರು. 2011ರಲ್ಲಿ ದೆಹಲಿಯಲ್ಲಿ ಇಂಗ್ಲೆಂಡಿನ ಮೇಲೆ 30 ಓಟ ಕೊಟ್ಟು 4 ವಿಕೆಟ್ಟು ಕಿತ್ತರು. ಟೆಸ್ಟ್ ಪಂದ್ಯ ಮಾತ್ರ ಒಂದೇ. ಅದು 2012ರ ಜನವರಿಯಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ನಡೆಯಿತು. ಅವರಿಗೆ ದೊರೆತದ್ದು 73 ಓಟಕ್ಕೆ 1 ವಿಕೆಟ್ಟು. ಭಾರತವು ಒಂದು ಇನ್ನಿಂಗ್ಸ್ ಮತ್ತು 37 ಓಟಗಳಿಂದ ಸೋತಿತು. 2013ರ ನವೆಂಬರ್ 2ರಂದು ಬೆಂಗಳೂರಿನಲ್ಲಿ ಆಸ್ಟ್ರೇಲಿಯದ ಮೇಲೆ ನಡೆದ ಏಕದಿನ ಪಂದ್ಯದಲ್ಲಿ, ತಮ್ಮವರೇ ತುಂಬಿದ್ದ ಮೈದಾನದಲ್ಲಿ, 9 ಓವರುಗಳಿಗೆ 102 ಓಟಗಳು ಹೋದವು. ಭಾರತವೇನೋ ಗೆದ್ದಿತು. ಆದರೆ ಆ ತರುವಾಯ ಅವರಿಗೆ ದೇಶದ ಅಂಗಿಯನ್ನು ತೊಡುವ ಯೋಗ ಮತ್ತೆ ಬರಲಿಲ್ಲ.

ಕಥೆಯನ್ನು ಇಲ್ಲಿಗೆ ನಿಲ್ಲಿಸುವವರೇ ಬಹಳ. ನಮ್ಮ ಹುಡುಗನೂ ಇಲ್ಲಿಗೇ ನಿಲ್ಲಿಸಿದ್ದನು. ಮುಂದಿನ ಭಾಗವನ್ನು ಕೇಳಬೇಕು. ಆ ದಿನದ ಮೂರು ತಿಂಗಳ ತರುವಾಯ ಹೈದರಾಬಾದಿನಲ್ಲಿ ರಣಜಿ ಫೈನಲ್ ನಡೆಯಿತು. ಕರ್ನಾಟಕವು ಮಹಾರಾಷ್ಟ್ರವನ್ನು 7 ವಿಕೆಟ್ಟುಗಳಿಂದ ಸೋಲಿಸಿ, 1998-99ರಿಂದ ಕೈಗೆ ಸಿಕ್ಕದಿದ್ದ ಟ್ರೋಫಿಯನ್ನು ಗೆದ್ದಿತು. ನಾಯಕರು ವಿನಯ್ ಕುಮಾರ್. ಮರುವರ್ಷ, 2015ರ ಮಾರ್ಚಿನಲ್ಲಿ, ಮುಂಬಯಿಯ ವಾಂಖೆಡೆ ಮೈದಾನದಲ್ಲಿ ತಮಿಳುನಾಡಿನ ಮೇಲೆ ಮತ್ತೆ ಫೈನಲ್. ಮೊದಲ ದಿನವೇ ನಾಯಕರು 34 ಓಟಕ್ಕೆ 5 ವಿಕೆಟ್ಟು ಕಿತ್ತು ಎದುರಾಳಿಯನ್ನು 134ಕ್ಕೆ ಮುಗಿಸಿದರು. ಕರುಣ್ ನಾಯರ್ 328 ಓಟಗಳನ್ನು ಹೊಡೆದರು. ಕೆಳಗಿನ ಕ್ರಮಾಂಕದಲ್ಲಿ ಬಂದ ನಾಯಕರು ತಾವೂ 105 ಓಟ ಹೊಡೆದು ಔಟಾಗದೆ ಉಳಿದರು. ಇನ್ನಿಂಗ್ಸ್ ಮತ್ತು 217 ಓಟಗಳ ವಿಜಯ. ಆ ಎರಡು ವರ್ಷವೂ ರಣಜಿ, ಇರಾನಿ, ವಿಜಯ್ ಹಜಾರೆ ಎಂಬ ಮೂರು ಪಾರಿತೋಷಕಗಳೂ ಕರ್ನಾಟಕಕ್ಕೇ ಬಂದವು. ದೇಶದ ತಂಡವು ಬೇಡವೆಂದ ಮನುಷ್ಯನು ಮನೆಗೆ ಹಿಂದಿರುಗಿ, ತನ್ನ ನಾಡಿನ ತರುಣರನ್ನು ಕಟ್ಟಿಕೊಂಡು ಮಾಡಿದ ಕೆಲಸವಿದು.

ಸೋಲಿನ ರುಚಿಯೂ ಅವರಿಗೆ ಗೊತ್ತಿತ್ತು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಬಯಲಿನ ಫೈನಲಿನಲ್ಲಿ ಮುಂಬಯಿಗೆ ಕರ್ನಾಟಕವು ಸೋತದ್ದು ಕೇವಲ 6 ಓಟಗಳಿಂದ; ಆ ತಂಡದಲ್ಲಿ ಅವರಿದ್ದರು. 2017ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಅದೇ ಮುಂಬಯಿಯ ಮೂವರನ್ನು ತಮ್ಮ ಮೂರು ಸತತ ಎಸೆತಗಳಲ್ಲಿ ಕೆಡವಿ, 34 ಓಟಕ್ಕೆ 6 ವಿಕೆಟ್ಟು ಕಿತ್ತು ಗೆಲುವಿಗೆ ಕಾರಣರಾದರು. ಮುಂದಿನ ಪಂದ್ಯದಲ್ಲಿ, ಕಲ್ಕತ್ತೆಯಲ್ಲಿ, ವಿದರ್ಭಕ್ಕೆ 5 ಓಟಗಳಿಂದ ಸೋತರು. ಕೊನೆಯಲ್ಲಿ ಪುದುಚೇರಿಯ ಹೊಸ ತಂಡಕ್ಕೂ ಆಡಿ, 2021ರ ಫೆಬ್ರವರಿ 26ರಂದು ನಿವೃತ್ತಿಯನ್ನು ಸಾರಿದರು. ಪ್ರಥಮ ದರ್ಜೆಯಲ್ಲಿ 139 ಪಂದ್ಯ, 504 ವಿಕೆಟ್ಟು, ರಣಜಿಯಲ್ಲಿಯೇ 442. ಅಂದಿನ ದಿನಕ್ಕೆ ರಣಜಿಯ ಇತಿಹಾಸದಲ್ಲಿ ವೇಗದ ಎಸೆಗಾರರಾರೂ ಅಷ್ಟನ್ನು ಪಡೆದಿರಲಿಲ್ಲ.

ದಾವಣಗೆರೆಯಲ್ಲಿ ನಾವು ಮೊದಲು ಹೊಕ್ಕದ್ದು ಒಂದು ಬೆಣ್ಣೆದೋಸೆಯ ಅಂಗಡಿ. ಕಟ್ಟಿಗೆಯ ಒಲೆ, ದಪ್ಪನೆಯ ಹೆಂಚು, ಅಂಗೈಯಗಲದ ದೋಸೆ, ಅದರ ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಬಿಳಿಯ ಆಲೂಗೆಡ್ಡೆ ಪಲ್ಯ, ತೆಳುವಾದ ಕಾಯಿಚಟ್ನಿ. ಹುಡುಗನು ನಾಲ್ಕನ್ನು ತಿಂದನು. ಮಾತಿಗೆ ಮಾತು ಬಂದು, ವಿನಯ್ ಕುಮಾರರನ್ನು ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಕರೆಯುವುದನ್ನು ಪ್ರಸ್ತಾಪಿಸಿದೆವು. ಪಾಕಿಸ್ತಾನದ ಶೋಯೆಬ್ ಅಖ್ತರ್ ಎಂಬ ಎಸೆಗಾರನಿಗೆ ‘ರಾವಲ್ಪಿಂಡಿ ಎಕ್ಸ್‌ಪ್ರೆಸ್’ ಎಂಬ ಹೆಸರಿತ್ತು. 2003ರ ವಿಶ್ವಕಪ್ಪಿನಲ್ಲಿ ಆತನ ಚೆಂಡು ಗಂಟೆಗೆ 161 ಕಿಲೋಮೀಟರು ಓಡಿತ್ತು. ಆ ಹೆಸರಿನ ಅಚ್ಚಿನಲ್ಲಿಯೇ ನಮ್ಮವರ ಹೆಸರನ್ನೂ ಎರಕ ಹೊಯ್ದದ್ದು. ಅಂಗಡಿಯ ಯಜಮಾನರು ದೋಸೆ ತಿರುವುತ್ತಲೇ ನಕ್ಕು, “ಎಕ್ಸ್‌ಪ್ರೆಸ್ ಅಲ್ರೀ ಮೇಷ್ಟ್ರೇ, ನಮ್ಮ ಹುಡುಗಂದು ಪ್ಯಾಸೆಂಜರ್ ಗಾಡಿ. ಆದ್ರೆ ಎಲ್ಲಾ ಸ್ಟೇಷನ್ನಿಗೂ ನಿಲ್ತದೆ, ಟೈಮಿಗೆ ಸರಿಯಾಗಿ ಮುಟ್ತದೆ ನೋಡ್ರಿ” ಎಂದರು. ಹಾಸ್ಯದ ಹಿಂದೆ ಅಭಿಮಾನವಿಲ್ಲದವರು ಇಂತಹ ಮಾತನ್ನಾಡಲಾರರು. ಎಕ್ಸ್‌ಪ್ರೆಸ್ ಗಾಡಿಯನ್ನು ನೋಡಿ ಸಂತೋಷಪಡುವವರೇ ಎಲ್ಲರೂ. ಸಂತೆಗೂ ಶಾಲೆಗೂ ಆಸ್ಪತ್ರೆಗೂ ಜನವನ್ನು ದಿನವೂ ಮುಟ್ಟಿಸುವುದು ಪ್ಯಾಸೆಂಜರ್ ಗಾಡಿ.

ಸಾಯಂಕಾಲ ಹೈಸ್ಕೂಲ್ ಮೈದಾನಕ್ಕೆ ಹೋದೆವು. ಒಂದೇ ಬಯಲಿನಲ್ಲಿ ಏಳೆಂಟು ಆಟಗಳು ಒಟ್ಟಿಗೆ ನಡೆದಿದ್ದವು. ಒಬ್ಬರ ಚೆಂಡು ಇನ್ನೊಬ್ಬರ ಆಟದಲ್ಲಿ ನುಗ್ಗಿದರೂ ಜಗಳವಿಲ್ಲ. ಧೂಳಿನ ನಡುವೆ ಒಬ್ಬ ಬಾಲಕನು, ಗೂಟಗಳ ಎದುರಿಗೆ ದಾಂಡಿಗನಿಲ್ಲದಿದ್ದರೂ, ಓಡಿ ಬಂದು ಎಸೆಯುವುದು, ತಾನೇ ಹೋಗಿ ಚೆಂಡನ್ನು ತರುವುದು, ಮತ್ತೆ ಎಸೆಯುವುದು, ಹೀಗೆ ಮಾಡುತ್ತಿದ್ದನು. ನಮ್ಮ ಹುಡುಗನು ಬಹಳ ಹೊತ್ತು ಅವನನ್ನು ನೋಡಿದನು. ಬಳಿಕ, “ಅಜ್ಜಾ, 504 ವಿಕೆಟ್ಟು ಕೀಳಬೇಕಾದರೆ ಎಷ್ಟು ಚೆಂಡು ಎಸೆದಿರಬೇಕು?” ಎಂದು ಕೇಳಿದನು. ವಿಕೆಟ್ಟಿಗೆ ಐವತ್ತರಂತೆ ಹಿಡಿದರೂ ಇಪ್ಪತ್ತೈದು ಸಾವಿರವಾಗುವುದೆಂದು ನಾವು ಲೆಕ್ಕ ಹೇಳಿದೆವು. ಅವನು ಮರುಮಾತಾಡದೆ ಚಪ್ಪಲಿಯನ್ನು ನಮ್ಮ ಬಳಿ ಬಿಟ್ಟು, ಆ ಬಾಲಕನ ಕಡೆಗೆ ಹೋಗಿ ಎದುರು ಬದಿಯಲ್ಲಿ ನಿಂತು ಚೆಂಡನ್ನು ಹಿಡಿದುಕೊಡತೊಡಗಿದನು. ಅವನು ಮುಂದೆ ಯಾವ ತಂಡವನ್ನು ಸೇರುವನೋ ನಾವರಿಯೆವು; ಅದನ್ನು ಕೇಳುವ ಹೊತ್ತೂ ಅದಲ್ಲ.

ಮೂರು ದಶಕಗಳಿಗೂ ಮಿಕ್ಕು ತರಗತಿಯ ಮುಂದೆ ನಿಂತ ನಾವು ಮನೆಯ ಹಿರಿಯರಿಗೆ ಒಂದು ಮಾತನ್ನು ವಿಜ್ಞಾಪಿಸುತ್ತೇವೆ. ಪರೀಕ್ಷೆಯ ಫಲಿತಾಂಶ ಬಂದ ದಿನ ಮೊದಲನೆಯ ಹೆಸರನ್ನಷ್ಟೇ ಓದುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಆದರೆ ಊರಿನ ಶಾಲೆಯನ್ನೂ ಅಂಗಡಿಯನ್ನೂ ಆಸ್ಪತ್ರೆಯನ್ನೂ ನಡೆಸುತ್ತಿರುವವರು ಹನ್ನೆರಡನೆಯ, ಇಪ್ಪತ್ತನೆಯ ಹೆಸರಿನವರು. ನಮ್ಮ ಹಳೆಯ ಶಿಷ್ಯರನ್ನು ನೋಡಿದಾಗಲೆಲ್ಲ ಈ ಸಂಗತಿ ನಮಗೆ ಸ್ಪಷ್ಟವಾಗುತ್ತದೆ. ಆಯ್ಕೆಯ ಪಟ್ಟಿಯಲ್ಲಿ ಹೆಸರು ಬಾರದ ಮಗುವು ಮನೆಗೆ ಬಂದ ಸಂಜೆ, ಅದರ ಮುಂದೆ ಚಾಂಪಿಯನ್ನರ ಕಥೆಯನ್ನು ಹೇಳಿದರೆ ಗಾಯದ ಮೇಲೆ ಉಪ್ಪನ್ನಿಟ್ಟಂತೆ. ಒಂದೇ ಟೆಸ್ಟ್ ಆಡಿ, ಮರಳಿ ತನ್ನ ನಾಡಿನ ತಂಡಕ್ಕೆ ಬಂದು, ಎರಡು ವರ್ಷ ಸತತವಾಗಿ ಅದನ್ನು ಗೆಲ್ಲಿಸಿದವರ ಕಥೆಯನ್ನು ಹೇಳುವುದು ಉತ್ತಮ.

ಈ ಕಡೆಗೆ ಬರುವವರು ಬೆಳಗಿನ ಹೊತ್ತು ಹರಿಹರಕ್ಕೆ ಬರಲಿ. ಬಿಸಿಲೇರುವುದಕ್ಕೆ ಮುಂಚೆ ಮಂಟಪದ ಕಂಬಗಳ ಮೇಲೆ ಬೆಳಕು ಬೀಳುವುದನ್ನು ನೋಡಲಿ. ಮಧ್ಯಾಹ್ನ ದಾವಣಗೆರೆಗೆ ಹೋದರೆ ಮಂಡಕ್ಕಿಯ ಭಟ್ಟಿಗಳನ್ನೂ ಗಾಜಿನ ಮನೆಯನ್ನೂ ನೋಡಬಹುದು. ಮಕ್ಕಳು ಜೊತೆಗಿದ್ದರೆ ಐದು ಗಂಟೆಗೆ ಹೈಸ್ಕೂಲ್ ಮೈದಾನಕ್ಕೆ ಕರೆದೊಯ್ಯುವುದನ್ನು ಮರೆಯಬಾರದು. ಅಲ್ಲಿ ಟಿಕೆಟ್ಟಿಲ್ಲ, ಕುರ್ಚಿಯೂ ಇಲ್ಲ. ಗೋಡೆಯ ಪಕ್ಕದಲ್ಲಿ ನಿಂತು ನೋಡಬೇಕು. ಕತ್ತಲಾಗಿ ಚೆಂಡು ಕಾಣದಾಗುವ ತನಕ ಆ ಮಕ್ಕಳು ಆಡುತ್ತಲೇ ಇರುತ್ತಾರೆ.